ಕೋರಿಕೆ ಮೇರೆಗೆ ಸಿಗ್ನಲ್: ಟವರ್‌ಗೂ ನಿದ್ದೆ ಬೇಕು

ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ಓರಣ ಮಾಡಿ ಬರೆದಿದ್ದೀನಿ.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮೂರಿಂದ ಅಮ್ಮ ಫೋನ್ ಮಾಡಿದ್ರು. "ಕರೆಂಟ್ ಹೋಗಿ ಎರಡು ದಿನ ಆತು ಮಾರಾಯ. ಟವರ್ ಬ್ಯಾಟ್ರಿನೂ ಖಾಲಿ. ಗುಡ್ಡ ಹತ್ತಿ ಮಾಡ್ತಿದೀನಿ." ನಾನಿರೋದು ಪುಣೆಯ ಹಿಂಜೆವಾಡಿಯಲ್ಲಿ, ಕೆಲಸ ಬೇಸ್ ಸ್ಟೇಷನ್ ಸಾಫ್ಟ್‌ವೇರ್‌ದು. ಅವತ್ತು ರಾತ್ರಿ ಆಫೀಸಿಂದ ಹೊರಟಾಗ ಐಟಿ ಪಾರ್ಕ್ ಪೂರ್ತಿ ಖಾಲಿ. ಆದ್ರೆ ಎದುರಿನ ಕಟ್ಟಡದ ಮೇಲಿನ 5ಜಿ ಸೆಲ್‌ಗಳು ಮಾತ್ರ ಯಾರೂ ಇಲ್ಲದ ಕಡೆಗೆ ಸಿಗ್ನಲ್ ಕಳಿಸ್ತಾನೇ ಇರುತ್ತವೆ ಅಂತ ನನಗೆ ಗೊತ್ತಿತ್ತು. ಇಲ್ಲಿ ವಿದ್ಯುತ್ ಪೋಲು, ಅಲ್ಲಿ ಹನಿ ಹನಿಗೂ ಪರದಾಟ. ಇವತ್ತಿನ ವಿಷಯ ಅದೇ.

ಟವರ್ ಯಾಕೆ ಸುಮ್ಮನಿರಲ್ಲ?

ಫೋನ್ ಒಂದು ಸೆಲ್‌ಗೆ ಸೇರಬೇಕಾದ್ರೆ ಮೊದಲು ಅದರ ತಾಳಕ್ಕೆ ಹೊಂದಿಕೊಳ್ಳಬೇಕು. ಸಮಯ, ಫ್ರೀಕ್ವೆನ್ಸಿ ಎರಡೂ ಸರಿಹೋಗದೆ ಒಂದಕ್ಷರವನ್ನೂ ಓದೋಕಾಗಲ್ಲ. ಅದಕ್ಕಾಗಿ ಸೆಲ್ ತನ್ನ ಗುರುತಿನ ಸಿಗ್ನಲ್ ಕಳಿಸ್ತಾ ಇರುತ್ತೆ. 5ಜಿಯಲ್ಲಿ ಇದನ್ನ ಎಸ್‌ಎಸ್‌ಬಿ ಅಂತಾರೆ.

4ಜಿಯಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು: ರೆಫರೆನ್ಸ್ ಸಿಗ್ನಲ್ ಹೆಚ್ಚುಕಮ್ಮಿ ಪ್ರತಿ ಮಿಲಿಸೆಕೆಂಡಿಗೂ ಹೋಗ್ತಿತ್ತು. 5ಜಿಯಲ್ಲಿ ಎಸ್‌ಎಸ್‌ಬಿಯನ್ನ 5ರಿಂದ 160 ಮಿಲಿಸೆಕೆಂಡಿಗೊಮ್ಮೆ ಕಳಿಸಬಹುದು. ಆದ್ರೆ ಹೊಸದಾಗಿ ಸೆಲ್ ಹುಡುಕೋ ಫೋನ್ 20 ಮಿಲಿಸೆಕೆಂಡಿಗೊಮ್ಮೆ ಬರುತ್ತೆ ಅಂತಲೇ ನಂಬಿಕೊಂಡು ಹುಡುಕುತ್ತೆ. ಆ ಲೆಕ್ಕದಲ್ಲಿ ಸೆಕೆಂಡಿಗೆ 50 ಸಲ, ದಿನಕ್ಕೆ 43,20,000 ಸಲ!

ಸಿಗ್ನಲ್ ಚಿಕ್ಕದು, ನಷ್ಟ ದೊಡ್ಡದು

ಎಸ್‌ಎಸ್‌ಬಿ ಅಂದ್ರೆ ಬರೀ ನಾಲ್ಕು ಸಿಂಬಲ್‌ಗಳ ಪುಟ್ಟ ಸಿಗ್ನಲ್. ಹಾಗಾದ್ರೆ ನಷ್ಟ ಎಲ್ಲಿ? ನಿದ್ದೆಯಲ್ಲಿ. ಬೇಸ್ ಸ್ಟೇಷನ್‌ನಲ್ಲಿ ಅತಿ ಹೆಚ್ಚು ವಿದ್ಯುತ್ ತಿನ್ನೋ ಭಾಗ ಪವರ್ ಆಂಪ್ಲಿಫೈಯರ್. ಅದನ್ನೂ ಸುತ್ತಲಿನ ಸರ್ಕ್ಯೂಟ್‌ಗಳನ್ನೂ ಗಾಢ ನಿದ್ದೆಗೆ ಕಳಿಸಿದ್ರೆ ಉಳಿತಾಯ ಜಾಸ್ತಿ. ಆದ್ರೆ ಹಾಗೆ ಮಲಗಿ ಏಳೋಕೆ ಹತ್ತಾರು ಮಿಲಿಸೆಕೆಂಡು ಬೇಕು, ಕೆಲವು ಹಾರ್ಡ್‌ವೇರ್‌ಗೆ ಸೆಕೆಂಡುಗಳೇ ಬೇಕು. 20 ಮಿಲಿಸೆಕೆಂಡಿಗೊಮ್ಮೆ ತಟ್ಟಿ ಎಬ್ಬಿಸಿದ್ರೆ ಬರೀ ತೂಕಡಿಕೆ ಅಷ್ಟೆ. ಪ್ರತಿ ಸ್ಟಾಪಿನಲ್ಲೂ ಬ್ರೇಕ್ ಹಾಕೋ ಬಸ್ಸಿನ ಥರ: ಯಾರೂ ಹತ್ತಲ್ಲ, ಇಳಿಯಲ್ಲ, ಡೀಸೆಲ್ ಮಾತ್ರ ಖರ್ಚು.

ನಮ್ಮೂರ ರಸ್ತೆಯಲ್ಲಿ "ಕೋರಿಕೆ ನಿಲುಗಡೆ" ಅನ್ನೋ ಬೋರ್ಡ್ ನೋಡಿರ್ತೀರಿ. ಕೈ ತೋರಿಸಿದ್ರೆ ಮಾತ್ರ ಬಸ್ ನಿಲ್ಲುತ್ತೆ. ಆನ್-ಡಿಮ್ಯಾಂಡ್ ಸಿಗ್ನಲ್‌ನ ತಿರುಳು ಇಷ್ಟೇ. ಮೊಬೈಲ್ ಜಾಲದ ನಿಯಮ ಬರೆಯೋ 3ಜಿಪಿಪಿ ಸಂಸ್ಥೆ ಇದನ್ನ ರಿಲೀಸ್ 19ರಲ್ಲಿ ಸೇರಿಸಿದೆ.

ಒಂದು ಟವರ್ ಮೇಲೆ ಎರಡು ಪದರ ಇವೆ ಅಂದುಕೊಳ್ಳಿ. 700 ಮೆಗಾಹರ್ಟ್ಸ್‌ನದು ದೂರ ತಲುಪುತ್ತೆ. 3300 ಮೆಗಾಹರ್ಟ್ಸ್‌ನದು ಹತ್ತಿರದವರಿಗೆ ಹೆಚ್ಚು ವೇಗ ಕೊಡುತ್ತೆ. ಡೇಟಾ ಕಡಿಮೆ ಇದ್ದಾಗ ಎರಡನೆಯದು ಎಸ್‌ಎಸ್‌ಬಿಯನ್ನೂ ನಿಲ್ಲಿಸಿ ಮಲಗುತ್ತೆ. ಫೋನ್ ಮೊದಲನೆಯದರ ಜೊತೆ ಸಂಪರ್ಕದಲ್ಲೇ ಇರುತ್ತೆ. ನೀವು ದೊಡ್ಡ ಫೈಲ್ ಇಳಿಸಿಕೊಳ್ಳೋಕೆ ಶುರು ಮಾಡಿದ್ರಿ ಅನ್ನಿ. ಆಗ ನೆಟ್‌ವರ್ಕ್ ಎರಡನೆಯದನ್ನ ಎಬ್ಬಿಸಿ, "ಅಲ್ಲಿ ಈಗ ಎಸ್‌ಎಸ್‌ಬಿ ಬರುತ್ತೆ, ಹಿಡ್ಕೋ" ಅಂತ ಮೊದಲನೆಯದರ ಮೂಲಕ ಫೋನ್‌ಗೆ ಹೇಳಿ ಕಳಿಸುತ್ತೆ. ಫೋನ್ ತಾಳ ಹಿಡಿಯುತ್ತೆ, ಡೇಟಾ ಹರಿಯುತ್ತೆ. ಗಮನಿಸಿ, ಇಲ್ಲಿ ಬಸ್ಸಿಗೆ ಕೈ ತೋರಿಸೋದು ನೆಟ್‌ವರ್ಕೇ.

ಫೋನೇ ಕೈ ತೋರಿಸೋ ವ್ಯವಸ್ಥೆಯೂ ಅದೇ ರಿಲೀಸ್‌ನಲ್ಲಿದೆ. ಸೆಲ್‌ಗೆ ಸೇರೋ ವಿವರಗಳಿರೋ ಸಂದೇಶದ ಹೆಸರು ಎಸ್‌ಐಬಿ1. ಸೆಲ್ ಎಸ್‌ಎಸ್‌ಬಿ ಕಳಿಸ್ತಾನೇ ಇರುತ್ತೆ, ಈ ಸಂದೇಶವನ್ನ ಮಾತ್ರ ತಡೆಹಿಡಿಯುತ್ತೆ. ಬೇಕಾದ ಫೋನ್ ಒಂದು ಪುಟ್ಟ ವೇಕ್-ಅಪ್ ಸಿಗ್ನಲ್ ಕಳಿಸಿ ಕೇಳಬೇಕು. ಹೇಗೆ ಕೇಳಬೇಕು ಅನ್ನೋದನ್ನ ಪಕ್ಕದ ಇನ್ನೊಂದು ಸೆಲ್ ಹೇಳಿಕೊಡುತ್ತೆ.

ಯಾರು ಎಚ್ಚರ ಇರಬೇಕು?

ಎರಡೂ ಕಡೆ ಒಂದು ಷರತ್ತು ಕಾಣುತ್ತೆ ನೋಡಿ: ಒಬ್ಬರು ಮಲಗಬೇಕಾದ್ರೆ ಇನ್ನೊಬ್ಬರು ಎಚ್ಚರ ಇರಲೇಬೇಕು. ಎಲ್ಲರೂ ಎಸ್‌ಎಸ್‌ಬಿ ನಿಲ್ಲಿಸಿದ್ರೆ ಫೋನ್‌ಗೆ ಅಲ್ಲೊಂದು ಟವರ್ ಇದೆ ಅನ್ನೋದೇ ತಿಳಿಯಲ್ಲ. ಹಳೇ ಫೋನ್‌ಗಳಿಗಂತೂ ಈ ಹೊಸ ನಿಯಮದ ಪರಿಚಯವೇ ಇಲ್ಲ, ಮಲಗಿರೋ ಸೆಲ್ ಅವುಗಳ ಪಾಲಿಗೆ ಇಲ್ಲದ ಹಾಗೆ.

ಆದ್ರಿಂದ ಒಂದೇ ಪದರ ಇರೋ ಒಂಟಿ ಟವರ್‌ಗೆ ಇದರಿಂದ ದೊಡ್ಡ ಲಾಭ ಇಲ್ಲ, ಒಪ್ಪಿಕೊಳ್ಳಲೇಬೇಕು. ಎರಡು ಪದರ ಇದ್ರೆ ಕಥೆ ಬೇರೆ. ಕರೆಂಟ್ ಹೋದ ಕೂಡಲೇ ವೇಗದ ಪದರ ಮಲಗಿದ್ರೆ, ಉಳಿದ ಬ್ಯಾಟರಿ ಪೂರ್ತಿ ದೂರ ತಲುಪೋ ಪದರಕ್ಕೆ. ವಿಡಿಯೋ ತಡವರಿಸಬಹುದು, ಆದ್ರೆ ಕರೆ ಹೋಗುತ್ತೆ. ಗುಡ್ಡ ಹತ್ತೋ ಅಮ್ಮನಿಗೆ ಬೇಕಾಗಿರೋದು ಆ ಕರೆ.

ಯಾವಾಗ ಮಲಗಬೇಕು, ಯಾವಾಗ ಏಳಬೇಕು ಅನ್ನೋ ತೀರ್ಮಾನ ಸ್ಟ್ಯಾಂಡರ್ಡ್‌ನಲ್ಲಿ ಬರೆದಿಲ್ಲ. ಅದು ನಮ್ಮಂಥ ಎಂಜಿನಿಯರ್‌ಗಳು ಬರೆಯೋ ಕೋಡ್‌ನಲ್ಲಿದೆ. ಕರೆಂಟೇ ಹೋಗದ ಲ್ಯಾಬ್‌ನಲ್ಲಿ ಕೂತು, ನಗರದ ಟ್ರಾಫಿಕ್ ಗ್ರಾಫ್ ನೋಡಿಯೇ ನಾವು ಅದನ್ನ ಬರೀತೀವಿ. ಅಮ್ಮನ ಫೋನ್ ಬಂದ ವಾರ ನಮ್ಮ ಟೆಸ್ಟ್ ಪಟ್ಟಿಗೆ ನಾನೊಂದು ಸಾಲು ಸೇರಿಸಿದೆ: ಮೇನ್ಸ್ ಇಲ್ಲ, ಬ್ಯಾಟರಿ ಅರ್ಧ, ಒಬ್ಬರೇ ಬಳಕೆದಾರರು, ಕರೆ ಹೋಗಬೇಕು.

ಮುಂದಿನ ಮಾತುಕತೆಯಲ್ಲಿ ಸಿಗೋಣ.