ಕುಗ್ಗಿಸಿದ ಕಿಟಕಿಗಳೂ ತಂತ್ರಾಂಶದ ಅಧಿಕಾರವೂ

ಗಣಕಯಂತ್ರದ ಪರದೆಯ ಮೇಲೆ ತಂತ್ರಾಂಶವೊಂದು ತನ್ನ ಕೆಲಸಕ್ಕಾಗಿ ತೆರೆಯುವ ಚೌಕಕ್ಕೆ ವಿಂಡೋ, ಎಂದರೆ ಕಿಟಕಿ, ಎಂದು ಹೆಸರು. ನಡುವೆ ಏನನ್ನಾದರೂ ಕೇಳಬೇಕಾದಾಗ ಅದರ ಮೇಲೆ ಎದ್ದುಬರುವ ಸಣ್ಣ ಕಿಟಕಿಯೇ ಪಾಪ್‌ಅಪ್. ಮೂಲ ಕಿಟಕಿಯನ್ನು ಕುಗ್ಗಿಸಿದರೆ ಈ ಪಾಪ್‌ಅಪ್ಪಿನ ಗತಿಯೇನು? ಅದನ್ನು ಮರಳಿ ಎಬ್ಬಿಸುವ ಅಧಿಕಾರ ಯಾರದು? ಪ್ರಶ್ನೆಯು ಅಲ್ಪವೆಂದು ತೋರಬಹುದು. ಆದರೆ ಕಡತವನ್ನು ಉಳಿಸಬೇಕೆ ಎಂದು ಕೇಳುವ ಪಾಪ್‌ಅಪ್ ಕಣ್ಣಿಗೆ ಬೀಳದೆ ಹೋದಲ್ಲಿ, ಮೂಲ ಕಿಟಕಿಯು ಉತ್ತರಕ್ಕಾಗಿ ಕಾಯುತ್ತ ಯಾವ ಕೀಲಿಗೂ ಓಗೊಡದು. ತಂತ್ರಾಂಶವು ಕೆಟ್ಟುನಿಂತಿತೆಂದು ಬಗೆದು ಬಳಕೆದಾರನು ಅದನ್ನು ಬಲವಂತದಿಂದ ಮುಚ್ಚುವನು. ಉಳಿಸದೆ ಇದ್ದ ಬರಹವೆಲ್ಲ ಹಾಳಾಗುವುದು.

ಮೈಕ್ರೋಸಾಫ್ಟ್ ವಿಂಡೋಸ್ ಮೊದಲು ಹೊರಬಂದದ್ದು 1985ರಲ್ಲಿ. ಇದರಲ್ಲಿ ಪಾಪ್‌ಅಪ್ಪಿಗೆ ಮತ್ತೊಂದು ಕಿಟಕಿಯನ್ನು ಒಡೆಯನನ್ನಾಗಿ ಗೊತ್ತುಮಾಡಬಹುದು. ಒಡೆತನಕ್ಕೆ ಒಳಪಟ್ಟ ಕಿಟಕಿಯು ಸದಾ ಒಡೆಯನ ಮೇಲೆಯೇ ಇರುವುದು. ಒಡೆಯನು ಅಳಿದರೆ ತಾನೂ ಅಳಿಯುವುದು. ಒಡೆಯನು ಕುಗ್ಗಿದರೆ ಮರೆಯಾಗುವುದು. ಕುಗ್ಗುವುದು ಬೇರೆ, ಮರೆಯಾಗುವುದು ಬೇರೆ ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಇಂಥ ಪಾಪ್‌ಅಪ್ ಕುಗ್ಗಿದೆಯೆ ಎಂದು 'ಈಸ್‌ಐಕಾನಿಕ್' ಎಂಬ ಕರೆಯಿಂದ ವಿಚಾರಿಸಿದರೆ ಇಲ್ಲವೆಂದೇ ಉತ್ತರ ಬರುವುದು. ಆದುದರಿಂದ ಪಾಪ್‌ಅಪ್ಪನ್ನು ಎಬ್ಬಿಸಲೆಳಸುವುದು ವ್ಯರ್ಥ. 'ಷೋವಿಂಡೋ' ಎಂಬ ಕರೆಯಿಂದ ಒಡೆಯನನ್ನು ಪೂರ್ವಸ್ಥಿತಿಗೆ ತಂದರೆ ಪಾಪ್‌ಅಪ್ ತಾನಾಗಿಯೇ ಕಾಣಿಸಿಕೊಳ್ಳುವುದು. ಒಡೆಯನಿಲ್ಲದೆ ಹುಟ್ಟಿದ ಪಾಪ್‌ಅಪ್ ಮಾತ್ರ ಇತರ ಕಿಟಕಿಗಳ ಹಿಂದೆ ಸರಿದುಹೋಗಬಹುದು. ಮೇಲೆ ಹೇಳಿದ ಅನರ್ಥಕ್ಕೆ ಅನೇಕ ವೇಳೆ ಕಾರಣ ಇದೇ.

ಇನ್ನೊಂದು ವಿಚಿತ್ರವೂ ಉಂಟು. ಕುಗ್ಗಿಸಿದ ಕಿಟಕಿಯನ್ನು ವಿಂಡೋಸ್ ಪರದೆಯಿಂದ ಎಡಕ್ಕೂ ಮೇಲಕ್ಕೂ 32000 ಬಿಂದುಗಳಷ್ಟು ದೂರದಲ್ಲಿ ಇರಿಸುತ್ತದೆ. ಆಗ ಅದರ ಸ್ಥಾನವನ್ನು ಅಳೆದು ಬರೆದಿಟ್ಟುಕೊಳ್ಳುವ ತಂತ್ರಾಂಶವು ಮರುದಿನ ಕಿಟಕಿಯನ್ನು ಆ ಶೂನ್ಯದಲ್ಲಿಯೇ ತೆರೆದೀತು! ಸಹಜಸ್ಥಾನವನ್ನು ತಿಳಿಸುವ 'ಗೆಟ್‌ವಿಂಡೋಪ್ಲೇಸ್‌ಮೆಂಟ್' ಎಂಬ ಬೇರೆ ಕರೆಯೇ ಇದೆ. ಅದನ್ನು ಬಳಸುವುದು ವಿಹಿತ. ಇನ್ನು, ತಂತ್ರಾಂಶಗಳು ತಮ್ಮ ಕಿಟಕಿಗಳನ್ನು ಮನಬಂದಂತೆ ಮುಂದಕ್ಕೆ ತರುವುದಕ್ಕೆ ವಿಂಡೋಸ್ 98 ಮತ್ತು 2000ದಿಂದ ಕಟ್ಟು ಬಿದ್ದಿದೆ. ಅನುಮತಿಯಿಲ್ಲದಿದ್ದಲ್ಲಿ ಟಾಸ್ಕ್‌ಬಾರಿನ ಗುಂಡಿಯು ಮಿನುಗುವುದಷ್ಟೆ. ಬೇರೊಂದು ಕಡೆ ಬರೆಯುತ್ತಿರುವವನ ಅಕ್ಷರಗಳು ಹಠಾತ್ತನೆ ಎದ್ದ ಕಿಟಕಿಯೊಳಗೆ ಬೀಳಬಾರದೆಂಬ ಈ ಕಟ್ಟು ಉಚಿತವೇ ಸರಿ.

ಯುನಿಕ್ಸ್ ಬಳಗದಲ್ಲಿ ಏರ್ಪಾಡು ಬೇರೆ. ಅಮೆರಿಕದ ಎಂ.ಐ.ಟಿ.ಯಲ್ಲಿ 1984ರಲ್ಲಿ ಆರಂಭವಾದ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಕಿಟಕಿಗಳ ಆಡಳಿತವು ವಿಂಡೋ ಮ್ಯಾನೇಜರ್ ಎಂಬ ಪ್ರತ್ಯೇಕ ತಂತ್ರಾಂಶದ ಪಾಲಿನದು. ತನ್ನ ಕಿಟಕಿಯನ್ನು ಕುಗ್ಗಿಸಬೇಕೆನ್ನುವ ತಂತ್ರಾಂಶವು ಸಂದೇಶದ ಮೂಲಕ ಅದಕ್ಕೆ ಬಿನ್ನವಿಸಿಕೊಳ್ಳತಕ್ಕದ್ದು. ನಡೆಸುವುದು ಬಿಡುವುದು ಅದರ ಚಿತ್ತ. ಪಾಪ್‌ಅಪ್ ಯಾವ ಕಿಟಕಿಗೆ ಸೇರಿದುದೆಂಬುದನ್ನೂ ಮೊದಲೇ ನಮೂದಿಸಬೇಕು. ಈ ಆಡಳಿತದಿಂದ ಹೊರಗೆ ನಿಲ್ಲುವ ಮೆನುವಿನಂಥ ಕಿಟಕಿಗಳನ್ನು ಮರೆಮಾಡುವ ಹೊಣೆ ತಂತ್ರಾಂಶದ್ದೇ.

2008ರಲ್ಲಿ ತೊಡಗಿದ ವೇಲ್ಯಾಂಡ್ ಇನ್ನೂ ಬಿಗಿಯಾದುದು. ಅಲ್ಲಿನ ಎಕ್ಸ್‌ಡಿಜಿ-ಷೆಲ್ ನಿಯಮಾವಳಿಯಂತೆ ತಂತ್ರಾಂಶವು ತನ್ನ ಕಿಟಕಿಯನ್ನು ಕುಗ್ಗಿಸಲು ಬೇಡಬಹುದು. ಕುಗ್ಗಿತೆ ಇಲ್ಲವೆ ಎಂದು ಅರಿಯಲೂ, ಕುಗ್ಗಿದುದನ್ನು ತಾನಾಗಿ ಬಿಡಿಸಲೂ ಅದಕ್ಕೆ ದಾರಿಯಿಲ್ಲ.