ಶರೀರದೊಳಗಣ ಬಲೆ

ಕಾಲಿಗೆ ನೆಟ್ಟ ಮುಳ್ಳು ಒಳಗೇ ಮುರಿದು ಉಳಿದರೆ ದೇಹವು ಅದನ್ನು ಹೊರದೂಡಲು ಯತ್ನಿಸುತ್ತದೆ. ಸಾಧ್ಯವಾಗದಿದ್ದರೆ ಸುತ್ತಲೂ ಗೋಡೆ ಕಟ್ಟಿ ಬಂಧಿಸುತ್ತದೆ. ಹಾಗಾದರೆ, ಶಸ್ತ್ರವೈದ್ಯರು ಬೇಕೆಂದೇ ಒಳಗಿರಿಸಿದ ಪ್ಲಾಸ್ಟಿಕ್ ಬಲೆಯನ್ನು ಅದು ಹೇಗೆ ಬರಮಾಡಿಕೊಳ್ಳುತ್ತದೆ?

ಹೊಟ್ಟೆಯ ಭಿತ್ತಿ ದುರ್ಬಲವಾದೆಡೆಯಲ್ಲಿ ಕರುಳೋ ಕೊಬ್ಬಿನ ಪದರವೋ ಹೊರಚಾಚುವುದುಂಟು. ಇದೇ ಹರ್ನಿಯ. ಸಂದಿನ ಅಂಚುಗಳನ್ನು ಎಳೆದು ಹೊಲಿದರೆ ಬಿಗಿತದಿಂದ ಹೊಲಿಗೆ ಮತ್ತೆ ಬಿಟ್ಟುಕೊಳ್ಳಬಹುದು. ಆದುದರಿಂದ ತೇಪೆ ಹಾಕುವುದು ಲೇಸೆಂದು ವೈದ್ಯರು ಬಗೆದರು. ಅಮೆರಿಕದ ಹ್ಯೂಸ್ಟನ್ ನಗರದ ಫ್ರಾನ್ಸಿಸ್ ಅಷರ್ 1950ರ ದಶಕದ ಕೊನೆಯಲ್ಲಿ ಪಾಲಿಥೀನ್ ಬಲೆಯನ್ನೂ, ತರುವಾಯ ಪಾಲಿಪ್ರೋಪಿಲೀನ್ ಬಲೆಯನ್ನೂ ಬಳಕೆಗೆ ತಂದರು. 1980ರ ದಶಕದಲ್ಲಿ ಲಾಸ್ ಏಂಜಲೀಸಿನ ಅರ್ವಿಂಗ್ ಲಿಕ್ಟೆನ್‌ಸ್ಟೈನ್ ಅಂಚುಗಳನ್ನು ಎಳೆಯದೆಯೇ ಬಲೆ ಹಚ್ಚುವ ಕ್ರಮವನ್ನು ಪ್ರಚುರಪಡಿಸಿದ ಮೇಲೆ ಅದು ಲೋಕವ್ಯಾಪಿಯಾಯಿತು.

ಇನ್ನು ದೇಹದೊಳಗಿನ ವ್ಯಾಪಾರವನ್ನು ನೋಡೋಣ. ಬಲೆ ಒಳಸೇರಿದೊಡನೆ ರಕ್ತದ ಪ್ರೋಟೀನುಗಳು ಅದರ ಎಳೆಗಳಿಗೆ ಅಂಟಿಕೊಳ್ಳುತ್ತವೆ. ಬೆನ್ನಹಿಂದೆಯೇ ಬಿಳಿಯ ರಕ್ತಕಣಗಳೂ, ಅನಂತರ ಮಹಾಭಕ್ಷಕ ಕಣಗಳೂ ಮುತ್ತುತ್ತವೆ. ಆದರೆ ಎಳೆಯು ನುಂಗಲಾರದಷ್ಟು ದಪ್ಪ. ಆಗ ಹಲವು ಭಕ್ಷಕಗಳು ಬೆಸೆದು ಒಂದೇ ದೈತ್ಯಕಣವಾಗುತ್ತವೆ. ಅದಕ್ಕೂ ಪ್ಲಾಸ್ಟಿಕ್ ಜೀರ್ಣವಾಗದು! ಕಡೆಗೆ ನಾರುಕಣಗಳು ಕೊಲಾಜೆನ್ ನೂಲನ್ನು ನೆಯ್ದು ಪ್ರತಿಯೊಂದು ಎಳೆಗೂ ಹೊದಿಸುತ್ತವೆ. ಭಿತ್ತಿಗೆ ಬಲ ತರುವುದು ಈ ಹೊದಿಕೆಯೇ.

ಆದರೆ ಕಾಳಗವು ಇಲ್ಲಿಗೆ ಮುಗಿಯುವುದಿಲ್ಲ. ವರ್ಷಗಳ ಬಳಿಕ ಹೊರತೆಗೆದ ಬಲೆಗಳಲ್ಲಿಯೂ ಎಳೆಗಳ ಸುತ್ತ ಭಕ್ಷಕಕಣಗಳು ಕಾವಲು ನಿಂತಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದಾರೆ. ಗಾಯದ ನಾರು ಮಾಗಿದಂತೆ ಕುಗ್ಗುತ್ತದೆ. ಜೊತೆಗೆ ಬಲೆಯೂ ಮುದುಡುತ್ತದೆ. ಕಣ್ಣುಗಳು ಕಿರಿದಾದ ಬಲೆಯಲ್ಲಿ ನೆರೆಯ ಎಳೆಗಳ ಹೊದಿಕೆಗಳು ಒಂದಾಗಿ ಬಿರುಸಾದ ಹಲಗೆಯಂತಾಗುತ್ತವೆ. ಬಳಿಯ ನರವು ಅದರಲ್ಲಿ ಸಿಕ್ಕರೆ ನೋವು ದೀರ್ಘಕಾಲ ಕಾಡಬಹುದು. ಸೋಂಕಿನ ಭಯವೂ ಉಂಟು: ಹುರಿಗೊಳಿಸಿದ ಎಳೆಗಳ ಸಂದುಗಳಲ್ಲಿ ಸುಮಾರು 1 ಮೈಕ್ರೊಮೀಟರ್ ಗಾತ್ರದ ಬ್ಯಾಕ್ಟೀರಿಯ ಅಡಗಬಲ್ಲದು, 10 ಮೈಕ್ರೊಮೀಟರಿಗಿಂತ ದೊಡ್ಡದಾದ ಭಕ್ಷಕಕಣವು ಅಲ್ಲಿಗೆ ನುಗ್ಗಲಾರದು.

ಹಾಗೆಂದು ಬಲೆಯನ್ನು ದೂರುವುದು ಸಲ್ಲದು. ಹರ್ನಿಯ ಮರುಕಳಿಸುವುದನ್ನು ಅದು ಬಹುಮಟ್ಟಿಗೆ ತಗ್ಗಿಸಿದೆ. ಹೊರತೆಗೆದ ಬಲೆಗಳು ಸಾಮಾನ್ಯವಾಗಿ ತೊಂದರೆಗೊಳಗಾದವರವೇ. ನೆಮ್ಮದಿಯಿಂದಿರುವ ಅಸಂಖ್ಯ ಜನರ ಬಲೆಗಳು ಪರೀಕ್ಷೆಗೆ ಬರುವುದೇ ಇಲ್ಲವೆಂಬುದನ್ನು ನಾವು ಮರೆಯಬಾರದು. 1990ರ ದಶಕದಲ್ಲಿ ಜರ್ಮನಿಯ ಆಖೆನ್ ನಗರದ ಸಂಶೋಧಕರು ಈ ಸಂಗತಿಗಳನ್ನು ಪರಿಶೀಲಿಸಿ, ಪ್ಲಾಸ್ಟಿಕ್ ಕಡಿಮೆಯಿದ್ದು ಕಣ್ಣುಗಳು ಅಗಲವಾಗಿರುವ ಹಗುರ ಬಲೆಗಳಿಗೆ ದಾರಿಮಾಡಿದರು. ಆದರೆ ತೀರ ಹಗುರವಾದರೆ ಹರಿಯುವ ಅಪಾಯವುಂಟು. ದೇಹವನ್ನು ಎಷ್ಟು ಕೆರಳಿಸಿದರೆ ಬಲ, ಎಷ್ಟಾದರೆ ಬಾಧೆ? ಆ ಗೆರೆಯನ್ನು ಗುರುತಿಸುವುದೇ ವಿಜ್ಞಾನಿಗಳ ಮುಂದಿರುವ ಕೆಲಸ.