ಕಣಜದ ಬೆಕ್ಕಿಗೆ ಹಾಲು ಅನ್ನ ಸಾಕೇ?

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿ ಸುತ್ತಮುತ್ತ ಭತ್ತ, ರಾಗಿ ತುಂಬಿಡುವ ಮನೆಗಳಲ್ಲಿ ಬೆಕ್ಕು ಸಾಕುವುದು ಹಿಂದಿನಿಂದ ಬಂದ ರೂಢಿ. ಕಣಜದ ಕಾವಲಿಗೆ ಅದಕ್ಕಿಂತ ಅಗ್ಗದ ಆಳು ಸಿಗಲಾರದು. ಆದರೆ ಹಸುವಿಗೆ ಹಿಂಡಿ ಎಷ್ಟು, ಖನಿಜ ಮಿಶ್ರಣ ಎಷ್ಟು ಎಂದು ವಿಚಾರಿಸುವ ರೈತರು ಬೆಕ್ಕಿನ ಊಟದ ಬಗ್ಗೆ ಯೋಚಿಸುವುದು ಅಪರೂಪ. ಹಾಲು ಅನ್ನ ಕಲಸಿಟ್ಟರೆ ಮುಗಿಯಿತು, ಮಿಕ್ಕಿದ್ದನ್ನು ಅದೇ ಹುಡುಕಿಕೊಳ್ಳುತ್ತದೆ ಎಂಬ ಭಾವನೆ ಸಾಮಾನ್ಯ.

ಗದ್ದೆ ಬಯಲು ಸುತ್ತಿ ಇಲಿ ಹಿಡಿಯುವ ಬೆಕ್ಕಿನ ಮಟ್ಟಿಗೆ ಇದು ಬಹುಪಾಲು ಸರಿ. ಇಡೀ ಇಲಿಯೆಂದರೆ ಮಾಂಸ, ಮೂಳೆ, ಈಲಿ, ಗುಂಡಿಗೆ ಎಲ್ಲವೂ ಸೇರಿದ ಪೂರ್ಣ ಆಹಾರ. ತೊಂದರೆ ಬರುವುದು ಮನೆಯೊಳಗೇ ಬೆಳೆದ ಬೆಕ್ಕಿಗೆ, ವಯಸ್ಸಾಗಿ ಬೇಟೆ ಬಿಟ್ಟ ಬೆಕ್ಕಿಗೆ, ಮೊಸರನ್ನವೊಂದನ್ನೇ ನಂಬಿದ ಸಸ್ಯಾಹಾರಿ ಮನೆಯ ಬೆಕ್ಕಿಗೆ.

ಬೆಕ್ಕು ನಾಯಿಯಂತಲ್ಲ. ಟಾರೀನ್ ಎಂಬ ಪೋಷಕಾಂಶವನ್ನು ಸಾಕಷ್ಟು ತಯಾರಿಸಿಕೊಳ್ಳುವ ಶಕ್ತಿ ಅದರ ದೇಹಕ್ಕಿಲ್ಲ. ಮಾಂಸ, ಮೀನಿನಿಂದಲೇ ಅದು ಬರಬೇಕು. ಅಕ್ಕಿ, ರಾಗಿ, ಬೇಳೆಗಳಲ್ಲಿ ಟಾರೀನ್ ಇಲ್ಲವೆಂದೇ ಹೇಳಬೇಕು. ಹಾಲು, ಮೊಟ್ಟೆಗಳಲ್ಲಿ ಇರುವುದೂ ಸಾಲದು. ಇದರ ಕೊರತೆಯಿಂದ ಬೆಕ್ಕಿನ ಕಣ್ಣಿನ ಒಳಪದರ ಕ್ಷೀಣಿಸುತ್ತದೆ ಎಂಬುದು 1975ರಲ್ಲಿ ತಿಳಿದುಬಂತು. ಹೃದಯ ಹಿಗ್ಗಿ ದುರ್ಬಲವಾಗುವುದಕ್ಕೂ ಇದೇ ಕಾರಣವೆಂದು 1987ರಲ್ಲಿ ಅಮೆರಿಕದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಸಕಾಲದಲ್ಲಿ ಟಾರೀನ್ ಕೊಟ್ಟರೆ ಹೃದಯ ಎಷ್ಟೋ ವೇಳೆ ಚೇತರಿಸಿಕೊಳ್ಳುತ್ತದೆ. ಹೋದ ಕಣ್ಣು ಮಾತ್ರ ಮರಳಿ ಬಾರದು. ಕೊರತೆ ತಿಂಗಳುಗಟ್ಟಲೆ ಒಳಗೊಳಗೇ ಬೆಳೆಯುವುದರಿಂದ ಬೆಕ್ಕು ಗೋಡೆಗೆ ಡಿಕ್ಕಿ ಹೊಡೆಯತೊಡಗಿದ ಮೇಲೆ ಎಚ್ಚೆತ್ತು ಪ್ರಯೋಜನವಿಲ್ಲ.

ಆದ್ದರಿಂದ ಊಟದ ಬುಡ ಮಾಂಸವೇ ಆಗಿರಬೇಕು. ಕೋಳಿ ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಗುಂಡಿಗೆ, ತೊಡೆಯ ಮಾಂಸಗಳಲ್ಲಿ ಎದೆಯ ಮಾಂಸಕ್ಕಿಂತ ಟಾರೀನ್ ಹೆಚ್ಚು. ಬೇಯಿಸಿದಾಗ ಅದು ನೀರಿಗೆ ಇಳಿಯುತ್ತದೆ. ಹಾಗಾಗಿ ಬೇಯಿಸಿದ ನೀರನ್ನು ಚೆಲ್ಲದೆ ಊಟಕ್ಕೇ ಬೆರೆಸಬೇಕು. ಕೆರೆಯ ಗೆಂಡೆ ಮೀನನ್ನು ಹಸಿಯಾಗಿ ದಿನವೂ ಹಾಕುವುದು ಸರಿಯಲ್ಲ. ಅದರಲ್ಲಿರುವ ಕಿಣ್ವವೊಂದು ಬಿ1 ಜೀವಸತ್ವವನ್ನು ನಾಶಮಾಡಿ, ಬೆಕ್ಕು ತೂರಾಡಿ ಫಿಟ್ಸ್ ಬರುವ ಸ್ಥಿತಿಗೆ ತರುತ್ತದೆ. ಚೆನ್ನಾಗಿ ಬೇಯಿಸಿದರೆ ಈ ಭಯವಿಲ್ಲ.

ಮೂಳೆಯಿಲ್ಲದ ಮಾಂಸದಲ್ಲಿ ಸುಣ್ಣದ ಅಂಶ ತೀರ ಕಡಿಮೆ. ಬೇಯಿಸಿದ ಮೂಳೆ ಸೀಳಿ ಗಂಟಲು, ಕರುಳಿಗೆ ಚುಚ್ಚುವುದರಿಂದ ಅದನ್ನು ಹಾಕುವಂತಿಲ್ಲ. ಮೊಟ್ಟೆಯ ಚಿಪ್ಪನ್ನು ತೊಳೆದು, ಕುದಿಸಿ, ಒಣಗಿಸಿ ಹಿಟ್ಟಿನಂತೆ ನುಣ್ಣಗೆ ಅರೆದು ಅರ್ಧ ಕಿಲೋ ಮಾಂಸಕ್ಕೆ ಸುಮಾರು ಅರ್ಧ ಟೀ ಚಮಚದಷ್ಟು ಬೆರೆಸಬಹುದು. ಇನ್ನು ಎ ಜೀವಸತ್ವ. ನುಗ್ಗೆಸೊಪ್ಪಿನಲ್ಲಿ, ಕ್ಯಾರೆಟ್ಟಿನಲ್ಲಿ ಇರುವ ಕ್ಯಾರೋಟಿನ್ನನ್ನು ಮನುಷ್ಯರಂತೆ ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳಲು ಬೆಕ್ಕಿಗೆ ಬಾರದು. ವಾರಕ್ಕೆ ಒಂದೆರಡು ಸಲ ಸ್ವಲ್ಪ ಈಲಿ ಕೊಟ್ಟರೆ ಸಾಕು. ಇಷ್ಟವೆಂದು ದಿನಾ ಈಲಿಯನ್ನೇ ಹಾಕಿದರೆ ಎ ಜೀವಸತ್ವ ಮಿತಿಮೀರಿ ಕತ್ತಿನ ಮೂಳೆಗಳು ಬೆಸೆದುಕೊಳ್ಳುತ್ತವೆ.

ಮಾಂಸ ಬೇಯಿಸದ ಮನೆಯವರು, ಇಲ್ಲವೆ ಊಟದ ಬಗ್ಗೆ ಅನುಮಾನ ಇರುವವರು, ಟಾರೀನ್ ಮಾತ್ರವೇ ಇರುವ ಕ್ಯಾಪ್ಸೂಲಿನ ಪುಡಿಯನ್ನು ಪಶುವೈದ್ಯರನ್ನು ಕೇಳಿ ಬಳಸಬಹುದು. ದೊಡ್ಡ ಬೆಕ್ಕಿಗೆ ದಿನಕ್ಕೆ 250 ಮಿಲಿಗ್ರಾಂ ರೂಢಿಯಲ್ಲಿರುವ ಪ್ರಮಾಣ. ಆದರೆ ಅನ್ನಕ್ಕೆ ಪುಡಿ ಬೆರೆಸಿದ ಮಾತ್ರಕ್ಕೆ ಅದು ಮಾಂಸದೂಟ ಆಗುವುದಿಲ್ಲ. ಅಂಥ ಮನೆಯವರು ಅಂಗಡಿಯಲ್ಲಿ ಸಿಗುವ, ಪೂರ್ಣ ಆಹಾರವೆಂದು ನಮೂದಿಸಿದ ಬೆಕ್ಕಿನ ಆಹಾರವನ್ನೇ ತಂದು ಹಾಕುವುದು ಮೇಲು.

ನಿಜವಾದ ಕಷ್ಟ ಇರುವುದು ತಿನ್ನಿಸುವುದರಲ್ಲಿ. ಪುಡಿಯ ವಾಸನೆ ಬಂದೊಡನೆ ಮೂಸಿ, ಮುಖ ತಿರುಗಿಸಿ ಹೋಗುವ ಬೆಕ್ಕುಗಳೇ ಹೆಚ್ಚು. ಬೆಲ್ಲ, ಸಕ್ಕರೆ ಹಾಕಿ ಒಲಿಸಲಾಗದು, ಏಕೆಂದರೆ ಬೆಕ್ಕಿನ ನಾಲಿಗೆಗೆ ಸಿಹಿಯ ರುಚಿಯೇ ತಿಳಿಯದು. ಮೊದಲ ದಿನ ಸೂಜಿಮೊನೆಯಷ್ಟು ಪುಡಿ ಬೆರೆಸಿ, ಹತ್ತು ಹದಿನೈದು ದಿನಗಳಲ್ಲಿ ಪೂರ್ಣ ಪ್ರಮಾಣಕ್ಕೆ ಏರಿಸಬೇಕು. ಊಟವನ್ನು ಉಗುರುಬೆಚ್ಚಗೆ ಮಾಡಿ ಮೇಲೆ ಮೀನು ಬೇಯಿಸಿದ ನೀರು ಹನಿಸಿದರೆ ವಾಸನೆಗೆ ಮನಸೋತು ತಿನ್ನುತ್ತದೆ. ಹೊಸದನ್ನೂ ಹಳೆಯದನ್ನೂ ಒಂದೇ ತಟ್ಟೆಯಲ್ಲಿ ಕಲಸುವುದಕ್ಕಿಂತ ಅಕ್ಕಪಕ್ಕ ಇಡುವುದು ಮೊಂಡು ಬೆಕ್ಕುಗಳಿಗೆ ಹೆಚ್ಚು ಹಿಡಿಸುತ್ತದೆ. ಹಸಿದರೆ ತಾನೇ ತಿನ್ನುತ್ತದೆ ಎಂದು ಉಪವಾಸ ಕೆಡವುವುದು ಅಪಾಯಕರ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಈಲಿಯಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಎರವಾಗುತ್ತದೆ.

ಮನೆಯವರಿಗೆ ಮಾಡಿದ ಸಾರನ್ನು ಹಾಕಬಾರದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಜ್ವರವೆಂದು ಪ್ಯಾರಾಸಿಟಮಾಲ್ ಮಾತ್ರೆಯ ಚೂರು ಕೊಟ್ಟರೂ ಬೆಕ್ಕು ಸಾಯಬಹುದು. ಗದ್ದೆಯಲ್ಲಿ ಸತುವಿನ ಫಾಸ್ಫೈಡ್ ಅಥವಾ ಬ್ರೋಮಾಡಿಯೋಲೋನ್ ಇಲಿಪಾಷಾಣ ಇಟ್ಟ ದಿನಗಳಲ್ಲಿ ಬೆಕ್ಕನ್ನು ಒಳಗೇ ಕೂಡಿ, ಸತ್ತ ಇಲಿಗಳನ್ನು ಆರಿಸಿ ಆಳವಾಗಿ ಹೂಳಬೇಕು. ಬ್ರೋಮಾಡಿಯೋಲೋನ್ ತಿಂದ ಇಲಿ ಸಾಯಲು ಕೆಲವು ದಿನ ಹಿಡಿಯುವುದರಿಂದ ಈ ಕಾವಲು ಒಂದು ದಿನಕ್ಕೆ ಮುಗಿಯುವುದಿಲ್ಲ. ಅಷ್ಟು ದಿನವೂ ಬೆಕ್ಕಿಗೆ ಮನೆಯಲ್ಲೇ ಹೊಟ್ಟೆ ತುಂಬ ಹಾಕಬೇಕಾಗುತ್ತದೆ.